ಇಲಿ ಜ್ವರ ಬರುವ ಮೊದಲೇ ಗದ್ದೆ ಸುಳಿವು ಕೊಡುತ್ತದೆ: ಗುರುತಿಸುವುದು ಹೇಗೆ?

ನಮ್ಮ ಸೋದರಮಾವನಿಗೆ ಜ್ವರ ಬಂದಿದ್ದು ದಸರಾ ಕಳೆದ ಮೇಲೆ. ಅವರದು ಮಂಡ್ಯ ಹತ್ತಿರದ ಊರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಾರೆ. ಗದ್ದೆಗೆ ನೀರು ಕಟ್ಟಿ ಬಂದು ವಾರ ಕಳೆದಿತ್ತು, ಚಳಿಜ್ವರ ಶುರುವಾಯಿತು. ಮೀನಖಂಡದಲ್ಲಿ ತಡೆಯಲಾಗದ ನೋವು. ಕಣ್ಣು ಮೊದಲು ಕೆಂಪಾಯಿತು, ಆಮೇಲೆ ಹಳದಿ. ಕಾಮಾಲೆ ಅಂದುಕೊಂಡು ಮನೆಯವರು ಐದು ದಿನ ಸೊಪ್ಪಿನ ರಸ ಕುಡಿಸಿದರು. ಮೂತ್ರ ಕಡಿಮೆಯಾದಾಗ ಗಾಬರಿಯಾಗಿ ಮೈಸೂರಿಗೆ ಕರೆದುಕೊಂಡು ಹೋದೆವು. ಅದು ಇಲಿ ಜ್ವರ ಅಂತ ಗೊತ್ತಾಗಿದ್ದು ಅಲ್ಲಿ. ಮಾವ ಬದುಕಿಕೊಂಡರು. ಕಳೆದುಹೋದ ಆ ಐದು ದಿನ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದಾಗ ಒಂದು ವಿಷಯ ಅರ್ಥವಾಯಿತು. ಈ ಜ್ವರ ಇದ್ದಕ್ಕಿದ್ದಂತೆ ಬರುವುದಿಲ್ಲ. ಮಳೆ, ಹಸಿರು, ಬಿಲ ಈ ಮೂರನ್ನೂ ನೋಡುತ್ತಿದ್ದರೆ ಕೆಲವು ವಾರ ಮೊದಲೇ ಸುಳಿವು ಸಿಗುತ್ತದೆ. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಗದ್ದೆ ಬದು, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಹೊತ್ತು. ಅಷ್ಟೇ.

ಮೊದಲು ರೋಗಾಣುವಿನ ದಾರಿ ತಿಳಿಯಿರಿ

ಇಲಿ ಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಅದು ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ನೆಲೆಸಿರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ, ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಅದರ ಉಚ್ಚೆಯಲ್ಲಿ ರೋಗಾಣು ಹೊರಗೆ ಬರುತ್ತದೆ. ದನ, ಹಂದಿ, ನಾಯಿಗಳಿಂದಲೂ ಹೀಗೆ ಹರಡಬಹುದು. ಹಾಗಾಗಿ ಕೊಟ್ಟಿಗೆಯನ್ನೂ ಮರೆಯಬೇಡಿ.

ಒಣ ನೆಲದಲ್ಲಿ ಈ ರೋಗಾಣು ಬೇಗ ಸಾಯುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಒಡೆದ ಹಿಮ್ಮಡಿ, ಕಬ್ಬಿನ ಗರಿ ಕುಯ್ದ ಗಾಯ, ಕಣ್ಣು, ಬಾಯಿ ಇವೇ ಅದಕ್ಕೆ ಬಾಗಿಲು. ಆದ್ದರಿಂದ ಇಲಿ ಎಷ್ಟಿವೆ ಅಂತ ಮಾತ್ರ ನೋಡಿದರೆ ಸಾಲದು. ನೀರು ಎಷ್ಟು ದಿನ ನಿಂತಿದೆ ಎಂಬುದನ್ನೂ ನೋಡಬೇಕು.

ಮಳೆಯನ್ನು ಬರೆದಿಡಿ

ಮೈಸೂರು, ಮಂಡ್ಯದ ಕಡೆ ಮಳೆ ಎರಡು ಸಲ ಜೋರು ಮಾಡುತ್ತದೆ. ಒಮ್ಮೆ ಮೇ ತಿಂಗಳಲ್ಲಿ. ಇನ್ನೊಮ್ಮೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ. ಯಾವ ದಿನ ಮಳೆ ಬಿತ್ತು, ನೀರು ಎಷ್ಟು ದಿನ ನಿಂತಿತು, ನಾಲೆಗೆ ಯಾವಾಗ ನೀರು ಬಿಟ್ಟರು ಎಂಬುದನ್ನು ಬರೆದುಕೊಳ್ಳಿ.

ಮಳೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು ಬೇಗ ಕಾಣುತ್ತದೆ. ಮಳೆ ಬಿಲಗಳಿಗೆ ನುಗ್ಗಿ, ಇಲಿಗಳನ್ನು ಎತ್ತರದ ಜಾಗಕ್ಕೆ ಓಡಿಸುತ್ತದೆ. ಅವುಗಳ ಉಚ್ಚೆ ಸೇರಿದ ಮಣ್ಣನ್ನು ಎಲ್ಲ ಕಡೆ ಹರಡುತ್ತದೆ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ನೆರೆ ಬಂತಲ್ಲ, ನೀರು ಇಳಿಯುತ್ತಿದ್ದಂತೆಯೇ ಅಲ್ಲಿ ಇಲಿ ಜ್ವರ ಹಬ್ಬಿತು. ಮನೆ ಗುಡಿಸಿ ತೊಳೆಯಲು ಕೆಸರಿಗೆ ಇಳಿದವರಿಗೆ ಅಪಾಯ ಹೆಚ್ಚಿತ್ತು.

ಇನ್ನೊಂದು ನಿಧಾನವಾದದ್ದು. ಮಳೆಯಿಂದ ಹುಲ್ಲು, ಹುಲ್ಲಿನಿಂದ ಕಾಳು, ಕಾಳಿನಿಂದ ಇಲಿ. ಅಮೆರಿಕದ ನೈಋತ್ಯ ಭಾಗದಲ್ಲಿ 1993ರಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಸಾಯತೊಡಗಿದರು. ಹುಡುಕಿದಾಗ ಕಾಡಿನ ಇಲಿಗಳಿಂದ ಬಂದ ಹಂಟಾ ವೈರಸ್ ಸಿಕ್ಕಿತು. ಅದಕ್ಕೆ ಮುಂಚೆ ಅಲ್ಲಿ ಹಲವು ವರ್ಷ ಬರ ಇತ್ತು. ಆಮೇಲೆ ಎಲ್ ನಿನೋದಿಂದ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗುವುದರಿಂದ, ಮಳೆ, ಹಿಮ ಜಾಸ್ತಿಯಾಯಿತು. ಪೈನ್ ಮರಗಳು ಕಾಯಿ ಬಿಟ್ಟವು, ಇಲಿಗಳು ಹಲವು ಪಟ್ಟು ಹೆಚ್ಚಿದವು. ರೋಗ ಬೇರೆ, ದೇಶ ಬೇರೆ. ಆದರೂ ನಮ್ಮ ಗದ್ದೆಗೆ ಅಲ್ಲಿಂದ ಕಲಿಯುವುದಿದೆ. ಬರದಲ್ಲಿ ಹಾವು, ಗೂಬೆಗಳೂ ಕಡಿಮೆಯಾಗುತ್ತವೆ. ಮಳೆ ಬಂದ ಕೂಡಲೇ ಮೊದಲು ಚೇತರಿಸಿಕೊಳ್ಳುವುದು ಇಲಿ. ಮೂರು ವಾರ ಬಸಿರು ಹೊತ್ತು ಒಂದೇ ಸಲಕ್ಕೆ ಆರೇಳು ಮರಿ ಹಾಕುವ ಪ್ರಾಣಿ ಅದು. ಅದಕ್ಕೇ ಬರದ ಮಾರನೇ ವರ್ಷ ಮಳೆ ಚೆನ್ನಾಗಿ ಆದರೆ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿಡಿ.

ಹಸಿರು ಎಲ್ಲಿದೆ ನೋಡಿ

ನಮ್ಮ ಕಡೆ ಭತ್ತ, ಕಬ್ಬು ಅಕ್ಕಪಕ್ಕ ಇರುತ್ತವೆ. ಇಲಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ. ಭತ್ತದ ತೆನೆಯಲ್ಲಿ ಹಾಲು ತುಂಬುವಾಗ ಅವು ಮರಿ ಮಾಡುವುದು ಜೋರಾಗುತ್ತದೆ. ಭತ್ತ ಕುಯ್ದ ಮೇಲೆ ಪಕ್ಕದ ಕಬ್ಬಿಗೆ ಹೋಗುತ್ತವೆ. ಕಬ್ಬು ವರ್ಷವಿಡೀ ನಿಂತಿರುತ್ತದೆ. ಒಳಗೆ ತರಗು, ನೆರಳು, ಸಿಹಿ. ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬು ಬಿಟ್ಟರೆ ಬಿಲ ತೋಡಿದ ನೆಲ ಅಗೆಯದೆ ಹಾಗೇ ಉಳಿಯುತ್ತದೆ. ಕಬ್ಬೂ ಕಡಿದಾಗ ಇಲಿಗಳು ಮನೆ ಕಡೆ ಬರುತ್ತವೆ. ರಾಗಿ ಮೆದೆ, ಹುಲ್ಲಿನ ಬಣವೆ, ಕೊಟ್ಟಿಗೆ ಎಲ್ಲಾದರೂ ಸರಿ.

ಬದುವಿನ ಹುಲ್ಲು ಮೊಣಕಾಲು ಮುಟ್ಟಿದೆಯಾ, ನಾಲೆ ಅಂಚಿನಲ್ಲಿ ಜೊಂಡು ಎಷ್ಟಿದೆ, ಮೆದೆ ಮನೆಗೆ ಎಷ್ಟು ಹತ್ತಿರ ಇದೆ, ಇಷ್ಟನ್ನು ಬರೆದುಕೊಳ್ಳಿ. ಇಂಥ ಪೊದೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಇಲಿಯ ಮೈಮೇಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರಬಹುದು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿನಲ್ಲಿ ಇದು ಜಾಸ್ತಿ.

ಬಿಲ ಎಣಿಸಿ

ಇಡೀ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದು. ಇಲಿಯನ್ನು ನೋಡಿ ರೋಗದ ಸುಳಿವು ಹಿಡಿಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮೈಸೂರಿಗೆ 1898ರಲ್ಲಿ ಪ್ಲೇಗ್ ಬಂತು. ಅದರ ಪೆಟ್ಟಿನಿಂದಲೇ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ಆ ಕಾಲದಲ್ಲಿ ಮನೆಯೊಳಗೆ ಇಲಿ ಸತ್ತು ಬಿತ್ತು ಎಂದರೆ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇಲಿ ಜ್ವರದಲ್ಲಿ ಇಲಿ ಸಾಯುವುದಿಲ್ಲ. ಹಾಗಾಗಿ ಬದುಕಿರುವ ಇಲಿಗಳನ್ನೇ ಲೆಕ್ಕ ಹಾಕಬೇಕು.

ಒಂದು ಬದುವಿನಲ್ಲಿ ನೂರು ಹೆಜ್ಜೆ ಗುರುತು ಮಾಡಿ. ಸಂಜೆ ಆ ನೂರು ಹೆಜ್ಜೆಯಲ್ಲಿರುವ ಎಲ್ಲ ಬಿಲಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಹೋಗಿ ಎಷ್ಟು ಮತ್ತೆ ತೆರೆದಿವೆ ಎಣಿಸಿ. ತೆರೆದವುಗಳಲ್ಲಿ ಮಾತ್ರ ಇಲಿ ಇದೆ, ಉಳಿದವು ಖಾಲಿ. ಹದಿನೈದು ದಿನಕ್ಕೊಮ್ಮೆ ಅದೇ ಬದುವಿನಲ್ಲಿ ಹೀಗೆ ಮಾಡಿ. ಹೆಗ್ಗಣದ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಏಡಿ ಬಿಲದ ಸುತ್ತ ಕೆಸರಿನ ಸಣ್ಣ ಉಂಡೆಗಳಿರುತ್ತವೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಮುಚ್ಚುವಾಗ ಗುದ್ದಲಿ ಬಳಸಿ. ಬಿಲದೊಳಗೆ ಹಾವೂ ಇರಬಹುದು, ಕೈ ಹಾಕುವುದು ಬೇಡವೇ ಬೇಡ.

ಮೂರನ್ನೂ ಒಟ್ಟಿಗೆ ಓದಿ

ಬಿಲದ ಲೆಕ್ಕ ಕಳೆದ ಸಲಕ್ಕಿಂತ ಏರಿದೆ, ಬದುವಿನಲ್ಲಿ ಹುಲ್ಲು ಎದ್ದಿದೆ, ಹಸ್ತ ಮಳೆಗೆ ನೀರು ನಿಂತಿದೆ ಅಂದರೆ ಮುಂದಿನ ನಾಲ್ಕೈದು ವಾರ ಎಚ್ಚರ ಬೇಕು. ಬಿಲ ಜಾಸ್ತಿ ಇದ್ದು ನೆಲ ಒಣಗಿದ್ದರೆ ಬೆಳೆಗೆ ನಷ್ಟ, ಜ್ವರದ ಭಯ ಕಡಿಮೆ. ಬಿಲ ಕಡಿಮೆ ಇದ್ದರೂ ನೀರು ನಿಂತಿದ್ದರೆ ಮೈಮರೆಯುವ ಹಾಗಿಲ್ಲ.

ಆಮೇಲೆ ಏನು ಮಾಡಬೇಕು?

ಬದುವಿನ ಹುಲ್ಲು ಕುಯ್ಯಿರಿ. ಬದು ಒಂದು ಅಡಿಗಿಂತ ಅಗಲ, ಎತ್ತರ ಇರದ ಹಾಗೆ ಕಡಿದರೆ ಹೆಗ್ಗಣಕ್ಕೆ ಬಿಲ ತೋಡಲು ಜಾಗ ಸಾಲುವುದಿಲ್ಲ. ಇಲಿ ಹಿಡಿಯುವುದಾದರೆ ಊರಿನ ಗದ್ದೆಯವರೆಲ್ಲ ಒಂದೇ ವಾರ ಮಾಡಿ. ನೀವೊಬ್ಬರೇ ಮಾಡಿದರೆ ಪಕ್ಕದ ಗದ್ದೆಯವು ನಿಮ್ಮಲ್ಲಿಗೆ ಬರುತ್ತವೆ. ವಿಷವನ್ನು ಸುಮ್ನೆ ಎಲ್ಲೆಂದರಲ್ಲಿ ಎಸೆಯಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಕೇರೆ ಹಾವನ್ನು ದಯವಿಟ್ಟು ಹೊಡೆಯಬೇಡಿ. ಗೂಬೆ ಕೂರಲಿ ಅಂತ ಗದ್ದೆಯಲ್ಲಿ ಅಡ್ಡಪಟ್ಟಿ ಹೊಡೆದ ಕೋಲು ನೆಡಿ.

ಗಮ್‌ಬೂಟು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಕಬ್ಬಿಗೆ ನೀರು ಕಟ್ಟುವಾಗ ಹಾಕಬಹುದು. ನಾಟಿ ಹಾಕುವ ಕೆಸರಿನಲ್ಲಿ ಬೂಟು ಹೂತುಕೊಳ್ಳುತ್ತದೆ, ಅಲ್ವಾ? ನಾಟಿ, ಕಳೆ ಕೆಲಸದಲ್ಲಿ ದಿನವಿಡೀ ನೀರಿನಲ್ಲಿ ನಿಲ್ಲುವವರು ಹೆಚ್ಚಾಗಿ ಹೆಂಗಸರು. ಅವರು ಗದ್ದೆಗೆ ಇಳಿಯುವ ಮೊದಲು ಗಾಯಕ್ಕೆ ನೀರು ಇಳಿಯದ ಪಟ್ಟಿ ಹಾಕಿಕೊಳ್ಳಲಿ. ಮೇಲೆ ಬಂದ ಕೂಡಲೇ ಚೊಕ್ಕ ನೀರು, ಸೋಪಿನಿಂದ ಕೈಕಾಲು ತೊಳೆಯಲಿ. ಕೆಲಸಕ್ಕೆ ಕರೆಯುವವರು ಆ ನೀರು, ಸೋಪು ಬದುವಿನ ಮೇಲೆ ಇಟ್ಟಿರಬೇಕು. ಮುಂಜಾಗ್ರತೆ ಮಾತ್ರೆ ಇದೆ. ಅದನ್ನು ಡಾಕ್ಟರ್ ಹೇಳಿದರೆ ಮಾತ್ರ ತಗೋಬೇಕು.

ಜ್ವರ ಬಂದರೆ

ರೋಗಾಣು ಮೈಗೆ ಸೇರಿದ ಐದರಿಂದ ಹದಿನಾಲ್ಕು ದಿನದೊಳಗೆ ಸಾಮಾನ್ಯವಾಗಿ ಜ್ವರ ಕಾಣಿಸುತ್ತದೆ. ತಲೆನೋವು, ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. "ಗದ್ದೆ ನೀರಿಗೆ ಇಳಿದಿದ್ದೆ" ಅಂತ ಮೊದಲ ಮಾತಿನಲ್ಲೇ ಹೇಳಿ. ಡೆಂಗಿ, ವೈರಲ್ ಜ್ವರಗಳ ನಡುವೆ ಇಲಿ ಜ್ವರ ನೆನಪಾಗಬೇಕಾದರೆ ಈ ಒಂದು ಮಾತು ಬೇಕು. ಮೊದಲ ವಾರದಲ್ಲಿ ರಕ್ತಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಆದ್ದರಿಂದ ಅನುಮಾನ ಬಂದರೆ ಡಾಕ್ಟರು ವರದಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ಡಾಕ್ಸಿಸೈಕ್ಲಿನ್, ಪೆನ್ಸಿಲಿನ್‌ನಂಥ ಹಳೆಯ ಔಷಧಿಗಳೇ ಸಾಕು, ಬೇಗ ಕೊಡಬೇಕು ಅಷ್ಟೇ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯಾ ಎಂದೂ ನೋಡಿಕೊಳ್ಳಿ. ಅದು ಸ್ಕ್ರಬ್ ಟೈಫಸ್‌ನ ಗುರುತು. ನೋವಿರುವುದಿಲ್ಲ, ಹಾಗಾಗಿ ಹುಡುಕಿದರೆ ಮಾತ್ರ ಕಾಣುತ್ತದೆ.

ನಿಮ್ಮ ಬೀದಿಯಲ್ಲಿ ಇಂಥ ಜ್ವರ ಎರಡನೆಯವರಿಗೂ ಬಂದರೆ ಆಶಾ ಕಾರ್ಯಕರ್ತೆಗೆ ಅವತ್ತೇ ತಿಳಿಸಿ. ನೋಟ್‌ಬುಕ್ಕನ್ನೂ ತೋರಿಸಿ. ಯಾವ ಬದು, ಎಷ್ಟು ಬಿಲ, ನೀರು ನಿಂತದ್ದು ಯಾವತ್ತಿನಿಂದ ಅಂತ ಅದರಲ್ಲಿ ಇರುತ್ತದೆ.