ನುಗ್ಗೋ ಹುಡುಗನಿಗೆ ಹಿಂದೆ ಸರಿಯೋದು ಕಲಿಸಿದ್ದು

ಒಹಾಯೋದಲ್ಲಿ ನಾವಿರೋ ಊರಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನಾನು ಡಿಫೆನ್ಸ್ ಕಡೆಯ ಸಹಾಯಕ ಕೋಚ್. ಸಂಬಳ ಗಿಂಬಳ ಇಲ್ಲ, ಆಫೀಸ್ ಮುಗಿಸಿ ಸಂಜೆ ಮೈದಾನಕ್ಕೆ ಹೋಗ್ತೀನಿ. ಹುಡುಗರಿಗೆ ಝೋನ್ ಬ್ಲಿಟ್ಜ್ (ನುಗ್ಗಬೇಕಾದವನೊಬ್ಬ ಹಿಂದೆ ಸರಿದು ಜಾಗ ಕಾಯ್ತಾನೆ, ಅವನ ಬದಲು ಇನ್ಯಾರೋ ನುಗ್ತಾರೆ, ಅಂಥ ಡಿಫೆನ್ಸ್ ಉಪಾಯ) ಹೇಳಿಕೊಡೋ ಕೆಲಸ ನನ್ನ ಪಾಲಿಗೆ ಬಂದಾಗ ಅದನ್ನು ಬೆಳೆಸಿದ ಕೋಚ್ ಡಿಕ್ ಲೆಬೋ ಅವರ ಹಳೇ ಪಂದ್ಯಗಳನ್ನು ಹಾಕಿಕೊಂಡು ಕೂತೆ. ಅವರೂ ಇದೇ ರಾಜ್ಯದವರು, ಲಂಡನ್ ಅನ್ನೋ ಸಣ್ಣ ಊರಿನವರು.

ಝೋನ್ ಬ್ಲಿಟ್ಜ್ ಅಂದರೆ ಭಂಡ ಧೈರ್ಯದ ಆಟ ಅಂತ ಎಷ್ಟೋ ಜನ ತಿಳಿದಿದ್ದಾರೆ. ನನಗೆ ಅದು ಜಾಗರೂಕನ ಆಟ ಅನ್ನಿಸುತ್ತೆ. ಲೆಬೋ 1959ರಿಂದ 1972ರವರೆಗೆ ಡೆಟ್ರಾಯಿಟ್ ಲಯನ್ಸ್‌ನಲ್ಲಿ ಕಾರ್ನರ್‌ಬ್ಯಾಕ್ (ಎದುರಾಳಿಯ ಪಾಸ್ ಹಿಡಿಯೋನನ್ನು ಕಾಯೋನು) ಆಗಿದ್ದವರು, 62 ಇಂಟರ್ಸೆಪ್ಷನ್, ಅಂದರೆ ಎದುರಾಳಿಯ ಪಾಸ್, ಹಿಡಿದವರು. ಮುಂದಿನವರೆಲ್ಲ ಪಾಸ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬಿದ್ದಾಗ ಹಿಂದೆ ಒಂಟಿಯಾಗಿ ಉಳಿದು, ಕೊನೆಗೆ ಬೈಸಿಕೊಳ್ಳೋನು ಕಾರ್ನರ್‌ಬ್ಯಾಕೇ. ಆ ಪಾಡು ಅನುಭವಿಸಿದವರ ತಲೆಗೆ ಮಾತ್ರ ಹೊಳೆಯೋ ಉಪಾಯ ಇದು.

1984ರಲ್ಲಿ ಅವರು ಸಿನ್ಸಿನಾಟಿ ಬೆಂಗಾಲ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್ (ಡಿಫೆನ್ಸ್ ನೋಡಿಕೊಳ್ಳೋ ಕೋಚ್) ಆದಾಗ ಕೋಚ್ ಬಿಲ್ ವಾಲ್ಶ್ ಶೈಲಿಯ ಆಟ ಜೋರಾಗಿತ್ತು. ಸ್ನ್ಯಾಪ್ ಆಗಿ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು, ಎರಡು ಹೆಜ್ಜೆ ಇಡೋದರೊಳಗೆ ಸಣ್ಣ ಪಾಸ್. ಡಿಫೆನ್ಸ್‌ನ ಎರಡನೇ ಸಾಲಿನ ಲೈನ್‌ಬ್ಯಾಕರ್ ನುಗ್ಗಿ ಬಂದರೆ ಅವನು ಬಿಟ್ಟು ಬಂದ ಜಾಗಕ್ಕೇ ಚೆಂಡು. ಲೆಬೋ ಹೋಗಿ ಹಿರಿಯ ಕೋಚ್ ಬಿಲ್ ಆರ್ನ್ಸ್‌ಪಾರ್ಗರ್ ಅವರನ್ನು ಕಂಡರು. ಅಪಾಯವಿಲ್ಲದ ಒತ್ತಡ ಬೇಕು ಅನ್ನೋ ಯೋಚನೆ ಅಲ್ಲಿ ಸಿಕ್ಕಿತು. ಐದು ಜನ ನುಗ್ಗಬೇಕು, ಮೂವರು ಮಧ್ಯದಲ್ಲಿ, ಮೂವರು ಆಳದಲ್ಲಿ ನಿಲ್ಲಬೇಕು. ಆ ಮಧ್ಯದ ಮೂವರಲ್ಲಿ ಒಬ್ಬ, ಮುಂದಿನ ಸಾಲಿನ ತುದಿಯಲ್ಲಿ ನಿಲ್ಲೋ, ನುಗ್ಗೋದೇ ಕಸುಬಾದ ಡಿಫೆನ್ಸಿವ್ ಎಂಡ್. ಕಬಡ್ಡಿಯಲ್ಲಿ ಮೂಲೆಯವನು ಬೇಕಂತಲೇ ಜಾಗ ಬಿಟ್ಟು ರೈಡರ್‌ನ ಒಳಕ್ಕೆ ಎಳ್ಕೊಳ್ಳಲ್ವಾ, ಹಾಗೆ.

ನಮ್ಮಲ್ಲಿ ಕಷ್ಟವಾಗಿದ್ದು ಆ ಎಂಡ್‌ನದೇ. ದಪ್ಪ ಹುಡುಗ, ಅಷ್ಟು ದಿನ ಅವನಿಗೆ ಎಲ್ಲರೂ ಹೇಳಿದ್ದು ‘ಹೋಗಿ ಗುದ್ದು’ ಅಂತ ಮಾತ್ರ. ಕಸದ ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಎದುರಾಳಿ ಲೈನ್ ಮಾಡಿದೆ. ಮೊದಲ ಹೆಜ್ಜೆ ನಿಜಕ್ಕೂ ಮುಂದಕ್ಕೇ, ಡ್ರಮ್ಮಿಗೆ ಒಂದು ಕೈ ಬೀಳಲೇಬೇಕು. ಇಲ್ಲದಿದ್ದರೆ ಅವನನ್ನು ತಡೆಯೋ ಎದುರಿನ ಟ್ಯಾಕಲ್ ಮೋಸ ಹೋಗಲ್ಲ, ಇವನನ್ನು ಬಿಟ್ಟು ಇನ್ನೊಬ್ಬನನ್ನು ತಡೀತಾನೆ. ಆಮೇಲೆ ಸೊಂಟ ತಿರುಗಿಸಿ ಸ್ಲ್ಯಾಂಟ್ (ಓರೆಯಾಗಿ ಒಳಕ್ಕೆ ಓಡೋನಿಗೆ ಎಸೆಯೋ ಸಣ್ಣ ಪಾಸ್) ಬರೋ ದಾರಿಗೆ ಸರಿಯಬೇಕು, ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲೇ ಇರಬೇಕು. ನಾನು ಅವನ ಎದೆಗೆ ಟೆನಿಸ್ ಬಾಲ್ ಎಸೀತಿದ್ದೆ. ಹಿಡಿಯೋದು ಬೇಡ, ಕೈ ಎತ್ತಿ ತಟ್ಟಿದರೆ ಸಾಕು ಅಂದ ಮೇಲೆ ಹುಡುಗ ಸಡಿಲವಾದ.

ಹೆಡ್ ಕೋಚ್ ಆಗಿ ಲೆಬೋ ಗೆದ್ದಿದ್ದು ಕಮ್ಮಿ. 2000ರಿಂದ 2002ರವರೆಗೆ ಬೆಂಗಾಲ್ಸ್‌ನಲ್ಲಿ 12 ಗೆಲುವು, 33 ಸೋಲು. 2004ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ ಕೋಆರ್ಡಿನೇಟರ್ ಆಗಿ ಮರಳಿ ಎರಡು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದರು. ಎರಡನೆಯದರ, ಅಂದರೆ 2009ರ ಫೆಬ್ರವರಿಯ ಪಂದ್ಯದ ಒಂದು ಆಟವನ್ನು ಹುಡುಗರಿಗೆ ಮತ್ತೆ ಮತ್ತೆ ತೋರಿಸಿದೆ. ಮೊದಲರ್ಧದ ಕೊನೇ ಗಳಿಗೆ, ಎದುರಾಳಿ ಅರಿಝೋನಾ ಕಾರ್ಡಿನಲ್ಸ್ ಸ್ಟೀಲರ್ಸ್‌ನ ಗೋಲ್ ಲೈನ್ ಹತ್ತಿರ ಬಂದಿತ್ತು. ಸ್ಟೀಲರ್ಸ್‌ನ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ನುಗ್ಗಬೇಕಿತ್ತು. ನುಗ್ಗುವ ಹಾಗೆ ಮಾಡಿ ತಾನೇ ಯೋಚಿಸಿ ಹಿಂದೆ ನಿಂತ. ಕಾರ್ಡಿನಲ್ಸ್‌ನ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್‌ಗೆ ಅವನು ಕಾಣಲೇ ಇಲ್ಲ. ಚೆಂಡು ಹಿಡಿದು 100 ಗಜ ಓಡಿ ಟಚ್‌ಡೌನ್. ನಮ್ಮ ಎಂಡ್‌ಗೆ ನನ್ನ ಭಾಷಣಕ್ಕಿಂತ ಅದು ಹೆಚ್ಚು ನಾಟಿತು.

ಝೋನ್ ಬ್ಲಿಟ್ಜನ್ನು ಮೂರನೇ ಡೌನ್‌ನಲ್ಲಿ (ಹತ್ತು ಗಜ ದಾಟೋಕೆ ಸಿಗೋ ನಾಲ್ಕು ಯತ್ನದಲ್ಲಿ ಮೂರನೇದು) ಎದುರಾಳಿಗೆ ಆರೇಳು ಗಜ ಬೇಕಿದ್ದಾಗ ಮಾತ್ರ ಬಳಸ್ತೀನಿ. ಎರಡೇ ಗಜ ಬೇಕಿದ್ದರೆ ಬೇಡವೇ ಬೇಡ, ಎಂಡ್ ಸರಿದ ಜಾಗದಲ್ಲೇ ಓಡಿಬಿಡ್ತಾರೆ. ಒಮ್ಮೆ ಹಾಕಿದ ಮೇಲೆ ಮುಂದಿನ ಸಲ ಅದೇ ರೀತಿ ನಿಲ್ಲಿಸಿ ಸಾದಾ ನಾಲ್ವರನ್ನೇ ಕಳಿಸ್ತೀನಿ. ಎದುರಿನ ಕ್ವಾರ್ಟರ್‌ಬ್ಯಾಕ್ ಎಂಡ್ ಎಲ್ಲಿ ಅಂತ ಹುಡುಕಿಕೊಂಡು ಚೆಂಡು ಕೈಯಲ್ಲೇ ಇಟ್ಕೊಂಡಿರ್ತಾನೆ, ಅಷ್ಟರಲ್ಲಿ ನಮ್ಮ ಹುಡುಗ ಅವನ ಮೇಲೆ ಬಿದ್ದಿರ್ತಾನೆ.