ವಿಷವೋ, ಹಸಿವೋ? ಡಾಫ್ನಿಯಾ ಪ್ರಯೋಗದ ನನ್ನ ಅನುಭವ

ನೀಲಿ-ಹಸಿರು ಪಾಚಿ ಹಾಕಿದ ಬೀಕರಿನಲ್ಲಿ ಡಾಫ್ನಿಯಾ (ಸೀಗಡಿಯ ಬಳಗದ, ಕೆರೆನೀರಿನ ಪುಟಾಣಿ ಜೀವಿ) ಸತ್ತರೆ, ವಿಷದಿಂದಲೇ ಸತ್ತಿತು ಅಂತ ಬರೆದುಬಿಡಬಹುದು. ಆದರೆ ಹೊಟ್ಟೆಗಿಲ್ಲದೆಯೂ ಸತ್ತಿರಬಹುದು, ಅಲ್ವಾ? ನನ್ನ ಇಡೀ ಪ್ರಯೋಗವನ್ನು ಈ ಅನುಮಾನದ ಮೇಲೆಯೇ ಕಟ್ಟಿದೆ.

ಡಾಫ್ನಿಯಾ ನೀರನ್ನು ಸೋಸಿ, ಸಿಕ್ಕಿದ್ದನ್ನೆಲ್ಲ ಬಾಯಿಗೆ ತಳ್ಳುವ ಜೀವಿ. ಅದೇ ಬಳಗದ ಇನ್ನೊಂದು ಪುಟ್ಟ ಜೀವಿ ಕೋಪೆಪಾಡ್‌ಗಳ ಹಾಗೆ ಕಣ ಕಣವನ್ನೂ ರುಚಿ ನೋಡಿ ಆರಿಸುವುದಿಲ್ಲ. ಗಂಡಿನ ನೆರವಿಲ್ಲದೆ ಮರಿ ಹಾಕುವುದರಿಂದ ಒಂದೇ ತಾಯಿಯ ತದ್ರೂಪು ಮರಿಗಳು ಬೇಕಾದಷ್ಟು ಸಿಗುತ್ತವೆ. ಹುಟ್ಟಿ 24 ಗಂಟೆ ದಾಟದ ಮರಿಗಳನ್ನಷ್ಟೇ ತೆಗೆದುಕೊಂಡೆ. ನೀರು 20 ಡಿಗ್ರಿಯಲ್ಲಿತ್ತು. ಪಿಪೆಟ್ಟಿನ ತುದಿಯನ್ನು ನೀರೊಳಗೆ ಮುಳುಗಿಸಿಯೇ ಮರಿಯನ್ನು ಬಿಡಬೇಕು. ಚಿಪ್ಪಿನೊಳಗೆ ಗಾಳಿ ಹೊಕ್ಕರೆ ಅದು ಮೇಲೆಯೇ ತೇಲುತ್ತಾ ಉಳಿಯುತ್ತದೆ.

ಒಂದು ಗುಂಪಿಗೆ ಸೀನೆಡೆಸ್ಮಸ್ ಎಂಬ ಹಸಿರು ಪಾಚಿ. ಇನ್ನೊಂದಕ್ಕೆ ಏನೂ ಇಲ್ಲ, ಬರೀ ನೀರು. ಮೂರನೆಯದಕ್ಕೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ, ಮೈಕ್ರೋಸಿಸ್ಟಿನ್ ವಿಷ ತಯಾರಿಸುವ ತಳಿ ಪಿಸಿಸಿ 7806. ನಾಲ್ಕನೆಯದಕ್ಕೆ ಅದೇ ತಳಿ, ಆದರೆ ಆ ವಿಷ ತಯಾರಿಸುವ ಜೀನ್ ಕೆಡಿಸಿದ್ದು. ಉಪವಾಸದ ಗುಂಪು ಸುಮ್ನೆ ಜಾಗ ತಿನ್ನುತ್ತದೆ ಎನ್ನುವವರಿದ್ದಾರೆ. ನನಗಂತೂ ಅದೇ ಮುಖ್ಯ ಗುಂಪು.

ಮೈ ಪಾರದರ್ಶಕವಾದ್ದರಿಂದ ಮೈಕ್ರೋಸ್ಕೋಪಿನಲ್ಲಿ ಕರುಳಿನ ಬಣ್ಣವೇ ಕಾಣುತ್ತದೆ. ಸೀನೆಡೆಸ್ಮಸ್ ತಿಂದವುಗಳ ಕರುಳು ಕಡು ಹಸಿರು. ಮೈಕ್ರೋಸಿಸ್ಟಿಸ್ ಕೊಟ್ಟ ಎರಡೂ ಗುಂಪುಗಳಲ್ಲಿ ಕರುಳು ಪೇಲವವಾಗಿತ್ತು. ಅಂದರೆ ವಿಷವಿರಲಿ ಬಿಡಲಿ, ಅವು ತಿನ್ನುವುದನ್ನೇ ಕಡಿಮೆ ಮಾಡಿದ್ದವು. ಸಾವಿನಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು: ವಿಷದ ತಳಿ ತಿಂದವು ಉಪವಾಸವಿದ್ದವುಗಳಿಗಿಂತ ಮೊದಲೇ ಸತ್ತವು. ಇದನ್ನು ಹಸಿವಿನ ಲೆಕ್ಕಕ್ಕೆ ಹಾಕಲಾಗದು. ವಿಷವಿಲ್ಲದ ತಳಿಯಲ್ಲೂ ಮರಿಗಳು ಸರಿಯಾಗಿ ಬೆಳೆಯಲಿಲ್ಲ. ಡಾಫ್ನಿಯಾಕ್ಕೆ ಆಹಾರದಿಂದಲೇ ಬರಬೇಕಾದ ಸ್ಟೆರಾಲ್ (ಬೆಳೆಯಲು ಬೇಕಾದ ಕೊಬ್ಬಿನಂಥ ವಸ್ತು) ಈ ಪಾಚಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಈ ಫಲಿತಾಂಶವನ್ನು ನೇರವಾಗಿ ಕೆರೆಗೆ ಅನ್ವಯಿಸಬೇಡಿ. ಲ್ಯಾಬಿನಲ್ಲಿ ಬೆಳೆಸಿದ ಮೈಕ್ರೋಸಿಸ್ಟಿಸ್ ಸಾಮಾನ್ಯವಾಗಿ ಬಿಡಿ ಕೋಶಗಳಾಗಿರುತ್ತದೆ. ಕೆರೆಯಲ್ಲಿ ಅದು ಲೋಳೆಯಲ್ಲಿ ಅಂಟಿಕೊಂಡ ದೊಡ್ಡ ಗುಂಪು. ಬಾಯಿಗೆ ಹಿಡಿಸದಷ್ಟು ದೊಡ್ಡದಾದರೆ ತಿನ್ನುವ ಪ್ರಶ್ನೆಯೇ ಬರುವುದಿಲ್ಲ.

ಡಾಫ್ನಿಯಾ ಎಲ್ಲಿಂದ ಬಂತು ಅನ್ನುವುದನ್ನೂ ಬರೆದಿಡುತ್ತೇನೆ, ಏಕೆಂದರೆ ಪಾಚಿಯನ್ನು ತಾಳಿಕೊಳ್ಳುವ ಶಕ್ತಿ ಅದರ ಮೂಲದ ಮೇಲೂ ನಿಂತಿರಬಹುದು. ಯುರೋಪಿನ ಕಾನ್‌ಸ್ಟನ್ಸ್ ಸರೋವರದ ತಳದ ಕೆಸರಿನಲ್ಲಿ ಹುದುಗಿದ್ದ ಡಾಫ್ನಿಯಾದ ಹಳೆಯ ಮೊಟ್ಟೆಗಳಿಂದ ವಿಜ್ಞಾನಿಗಳು ಮರಿ ಮಾಡಿಸಿದ್ದರು. ನೀಲಿ-ಹಸಿರು ಪಾಚಿ ಹೆಚ್ಚಿದ ನಂತರದ ವರ್ಷಗಳ ಮೊಟ್ಟೆಯಿಂದ ಬಂದವು ಅದನ್ನು ಜಾಸ್ತಿ ತಾಳಿಕೊಂಡವು. ಇದು 1999ರಲ್ಲಿ ಪ್ರಕಟವಾಯಿತು. ಹಾಗಾಗಿ ಮುಂದಿನ ಸುತ್ತಿಗೆ ಡಾಫ್ನಿಯಾದ ಎರಡು ತಳಿ ಇಟ್ಟುಕೊಂಡಿದ್ದೇನೆ: ಒಂದು ತಿಳಿನೀರಿನ ಕೆರೆಯದು, ಇನ್ನೊಂದು ವರ್ಷವರ್ಷವೂ ಪಾಚಿಗಟ್ಟುವ ಕೆರೆಯದು.