ಇದು ದೇವರ ಆಜ್ಞೆಯೋ, ಹಿರಿಯರ ಕಟ್ಟಳೆಯೋ? ಮಾರ್ಕ 7 ಓದುವ ಬಗೆ

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ತೆಗೆಯಿರಿ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯೂ ಕೈಗೆ ಸಿಗುವಂತಿರಲಿ. ಅದಿಲ್ಲದೆ ಓದಿದರೆ, ಯೇಸು ಸಂಪ್ರದಾಯವನ್ನೆಲ್ಲ ತಳ್ಳಿಹಾಕಿದ ಅಂತ ಸುಮ್ನೆ ತೀರ್ಮಾನಿಸಿಬಿಡುತ್ತೇವೆ. ವಿಷಯ ಅಷ್ಟು ಸರಳವಿಲ್ಲ.

ಮೊದಲು ಕೇಳಬೇಕಾದ್ದು, ಈ ನಿಯಮ ಎಲ್ಲಿ ಬರೆದಿದೆ? ಯೇಸುವಿನ ಶಿಷ್ಯರು ಕೈ ತೊಳೆಯದೆ ಊಟ ಮಾಡುತ್ತಾರೆ ಅನ್ನುವುದು ಫರಿಸಾಯರ, ಅಂದರೆ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರ ದೂರು. ಇದು ಕೊಳೆಯ ಮಾತಲ್ಲ, ಮಡಿ ಮೈಲಿಗೆಯ ಮಾತು. ಹಳೆ ಒಡಂಬಡಿಕೆಯ ವಿಮೋಚನಕಾಂಡ 30 ನೋಡಿ. ದೇವರ ಆರಾಧನೆಯ ಗುಡಾರದೊಳಗೆ ಹೋಗುವ ಮುಂಚೆ, ಬಲಿಪೀಠದ ಸೇವೆಗೆ ಬರುವ ಮುಂಚೆ ಕೈಕಾಲು ತೊಳೆಯಬೇಕಾದವರು ಆರೋನ ಮತ್ತು ಅವನ ಮಕ್ಕಳು, ಅಂದರೆ ಯಾಜಕರು. ಎಲ್ಲರೂ ಊಟಕ್ಕೆ ಮುಂಚೆ ತೊಳೆಯಲೇಬೇಕು ಅಂತ ಅಲ್ಲಿಲ್ಲ. ಅದು ಹಿರಿಯರು ಸೇರಿಸಿದ್ದು. ಹಾಗಂತ ಈ ತಕರಾರು ಯೇಸುವಿನಿಂದಲೇ ಶುರುವಾಯಿತು ಅಂದುಕೊಳ್ಳಬೇಡಿ. ಫರಿಸಾಯರು ಮೋಶೆಯ ಧರ್ಮಶಾಸ್ತ್ರದಲ್ಲಿ ಬರೆಯದ ನಿಯಮಗಳನ್ನೂ ಜನರಿಗೆ ಹೇಳುತ್ತಿದ್ದರು, ಸದ್ದುಕಾಯರು ಅನ್ನುವ ಇನ್ನೊಂದು ಯೆಹೂದಿ ಪಂಗಡದವರು ಬರೆದದ್ದಷ್ಟನ್ನೇ ಒಪ್ಪುತ್ತಿದ್ದರು ಅಂತ ಒಂದನೇ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಎರಡನೇ ಪ್ರಶ್ನೆಯೇ ಮುಖ್ಯ: ಈ ಕಟ್ಟಳೆ ಹಿಡಿದರೆ ಯಾವ ಆಜ್ಞೆ ಕೈಬಿಡುತ್ತದೆ?

ಇಲ್ಲಿ ಕೊರ್ಬಾನ್ ಬಗ್ಗೆ ನಿಧಾನವಾಗಿ ಓದಿ. ಮಗನೊಬ್ಬ ತಂದೆತಾಯಿಗೆ "ನನ್ನಿಂದ ನಿಮಗೆ ಸಲ್ಲಬೇಕಾದ್ದು ಕೊರ್ಬಾನ್, ದೇವರಿಗೆ ಮುಡಿಪು" ಅಂದುಬಿಟ್ಟರೆ ಮುಗೀತು, ಆಮೇಲೆ ಅವರಿಗೆ ಏನು ಮಾಡುವುದಕ್ಕೂ ಅವನನ್ನು ಬಿಡುತ್ತಿರಲಿಲ್ಲ ಅಂತ ಯೇಸುವಿನ ಆಕ್ಷೇಪ. ತಂದೆತಾಯಿಯನ್ನು ಗೌರವಿಸು ಅನ್ನುವ ಆಜ್ಞೆ ಇದರಿಂದ ಸೋತಿತು. ಆದರೆ ಹರಕೆ ಮಾತು ಮುರಿಯಬಾರದು ಅನ್ನುವುದೂ ಧರ್ಮಶಾಸ್ತ್ರದಲ್ಲೇ ಇದೆ, ಅರಣ್ಯಕಾಂಡ 30ರಲ್ಲಿ! ಹಾಗಾಗಿ ಒಂದು ಕಡೆ ದೇವರು, ಇನ್ನೊಂದು ಕಡೆ ಮನುಷ್ಯರು ಅಂತ ಗೆರೆ ಎಳೆಯುವುದು ಕಷ್ಟ. ಎರಡು ಆಜ್ಞೆಗಳು ಎದುರುಬದುರಾದಾಗ ಯಾವುದಕ್ಕೆ ಮಣೆ ಹಾಕಬೇಕು ಅನ್ನುವುದೇ ನನಗೆ ಇಲ್ಲಿನ ನಿಜವಾದ ಜಗಳ ಅನಿಸುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ, ಯೆಹೂದಿ ಗುರುಗಳ (ರಬ್ಬಿಗಳ) ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ, ಹರಕೆ ಮಗನಿಗೂ ತಂದೆತಾಯಿಗೂ ಸಂಬಂಧಪಟ್ಟಿದ್ದರೆ ಅವರ ಗೌರವದ ಕಾರಣಕ್ಕೇ ಅದನ್ನು ಬಿಡಿಸಬಹುದು ಅಂತ ರಬ್ಬಿಗಳೂ ಒಪ್ಪಿದ್ದಾರೆ. ಫರಿಸಾಯರನ್ನು ಬೈಯುವ ಮುಂಚೆ ಇದನ್ನೂ ಓದಬೇಕು, ಅಲ್ವಾ?

ಮಾತಾಡುತ್ತಿರುವವರು ಯಾರು ಅಂತಲೂ ನೋಡಿ. ಎಲ್ಲಾ ಆಹಾರವೂ ಶುದ್ಧ ಅನ್ನುವ ಅರ್ಥದ ಮಾತು ಮಾರ್ಕ 7:19ರಲ್ಲಿದೆ. ಅದನ್ನು ಮಾರ್ಕನೇ ಸೇರಿಸಿದ ವಿವರಣೆ ಅಂತ ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಇದೇ ಪ್ರಸಂಗ ಮತ್ತಾಯ 15ರಲ್ಲೂ ಬರುತ್ತದೆ, ಆದರೆ ಆ ಮಾತು ಅಲ್ಲಿಲ್ಲ, ಕೈ ತೊಳೆಯದೆ ಉಂಡರೆ ಮನುಷ್ಯ ಹೊಲೆಯಾಗುವುದಿಲ್ಲ ಅನ್ನುವಲ್ಲಿಗೆ ಮುಗಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಇಷ್ಟಾದ ಮೇಲೆ, ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಹತ್ತಿರ ಬನ್ನಿ. ಸಂಪ್ರದಾಯ ಅಂದರೆ ಅವನಿಗೆ ಬೈಗುಳವಲ್ಲ. ತಾನು ಒಪ್ಪಿಸಿದ್ದನ್ನು ಹಾಗೇ ಹಿಡಿದುಕೊಂಡಿದ್ದೀರಿ ಅಂತ 1 ಕೊರಿಂಥ 11ರಲ್ಲಿ ಜನರನ್ನು ಹೊಗಳುತ್ತಾನೆ. ಅದೇ ಪತ್ರದ 7ನೇ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಹೆಂಡತಿ ಗಂಡನನ್ನು ಬಿಡಬಾರದು ಅನ್ನುವಾಗ, ಇದು ನನ್ನ ಅಪ್ಪಣೆಯಲ್ಲ, ಕರ್ತನದು (ಯೇಸುವಿನದು) ಅನ್ನುತ್ತಾನೆ. ನಂಬದ ಸಂಗಾತಿಯ ವಿಷಯ ಬಂದಾಗ, ಇದು ಕರ್ತನದಲ್ಲ, ನನ್ನ ಮಾತು ಅನ್ನುತ್ತಾನೆ. ಮದುವೆಯಾಗದವರ ಬಗ್ಗೆಯಂತೂ ಕರ್ತನ ಅಪ್ಪಣೆಯೇ ತನ್ನ ಹತ್ತಿರ ಇಲ್ಲ, ಬರೀ ಅಭಿಪ್ರಾಯ ಹೇಳುತ್ತೇನೆ ಅಂತ ಒಪ್ಪಿಕೊಳ್ಳುತ್ತಾನೆ.